ಸಕ್ಕರೆಯವರ ಕಾಸು, ಹಾರ್ವರ್ಡ್‌ನವರ ಹೆಸರು

2016ರ ಸೆಪ್ಟೆಂಬರ್‌ನಲ್ಲಿ ‘ಜಾಮಾ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಸಂಶೋಧನಾ ಲೇಖನ ಬಂತು. ಅದರಲ್ಲಿ ರೋಗಿಗಳಿರಲಿಲ್ಲ, ಔಷಧಿ ಇರಲಿಲ್ಲ, ರಕ್ತಪರೀಕ್ಷೆಯೂ ಇರಲಿಲ್ಲ. ಇದ್ದದ್ದು ಐವತ್ತು ವರ್ಷ ಹಳೆಯ ಕಾಗದಪತ್ರಗಳು. ಬರೆದ ಮೂವರಲ್ಲಿ ಮೊದಲಿನವರು ಕ್ರಿಸ್ಟಿನ್ ಕರ್ನ್ಸ್. ಮೂಲತಃ ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರಿಗೆ ಸಕ್ಕರೆ ಮೇಲೆ ಕಣ್ಣಿರುವುದು ಸಹಜ ಬಿಡಿ. ಆದರೆ ಕರ್ನ್ಸ್ ಹಲ್ಲು ಬಿಟ್ಟು ಗ್ರಂಥಾಲಯಗಳ ಹಳೇ ಕಡತಗಳ ಬೆನ್ನು ಹತ್ತಿದ್ದರು.

ಅವರಿಗೆ ಸಿಕ್ಕ ಕಥೆ 1950ರ ದಶಕದ ಅಮೆರಿಕದಿಂದ ಶುರುವಾಗುತ್ತದೆ. ಹೃದಯಾಘಾತ ಆಗ ಆ ದೇಶದ ದೊಡ್ಡ ಭಯ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೇ ಆಯಿತು. ತಪ್ಪು ಯಾರದು? ಮಿನ್ನೆಸೋಟದ ಆನ್ಸೆಲ್ ಕೀಸ್ ಕೊಬ್ಬಿನ ಕಡೆ ಬೆರಳು ತೋರಿಸಿದರು. ಲಂಡನ್‌ನ ಜಾನ್ ಯುಡ್ಕಿನ್ ಸಕ್ಕರೆಯನ್ನು ಹಿಡಿದರು.

ಸಕ್ಕರೆ ಉದ್ಯಮಕ್ಕೆ ಇದರಲ್ಲಿ ವ್ಯಾಪಾರ ಕಂಡಿತ್ತು. ಜನ ಕೊಬ್ಬು ಕಡಿಮೆ ಮಾಡಿದರೆ ಹೊಟ್ಟೆಗೆ ಬೇರೇನಾದರೂ ಬೇಕಲ್ವಾ? ಆಗ ತಲಾ ಸಕ್ಕರೆ ಬಳಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರಬಹುದು ಎಂದು ‘ಶುಗರ್ ರಿಸರ್ಚ್ ಫೌಂಡೇಶನ್’ ಅಧ್ಯಕ್ಷ ಹೆನ್ರಿ ಹಾಸ್ 1954ರಲ್ಲೇ ಭಾಷಣದಲ್ಲಿ ಲೆಕ್ಕ ಹಾಕಿ ಹೇಳಿದ್ದರು.

1965ರ ಜೂನ್‌ನಲ್ಲಿ ಈ ಲೆಕ್ಕಕ್ಕೆ ಪೆಟ್ಟು ಬಿತ್ತು. ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ನಲ್ಲಿ ಸಕ್ಕರೆಗೂ ಹೃದಯದ ಕಾಯಿಲೆಗೂ ನಂಟು ಕಟ್ಟುವ ಲೇಖನಗಳು ಬಂದವು. ಜುಲೈ 11ರಂದು ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ದಿನಪತ್ರಿಕೆ ಅದನ್ನು ದೊಡ್ಡದಾಗಿ ಹಾಕಿತು. ಎರಡೇ ದಿನಕ್ಕೆ, ಜುಲೈ 13ಕ್ಕೆ, ಫೌಂಡೇಶನ್ ‘ಪ್ರಾಜೆಕ್ಟ್ 226’ಕ್ಕೆ ಒಪ್ಪಿಗೆ ಕೊಟ್ಟಿತು. ಹಾರ್ವರ್ಡ್‌ನ ಮಾರ್ಕ್ ಹೆಗ್‌ಸ್ಟೆಡ್ ಮತ್ತು ರಾಬರ್ಟ್ ಮೆಕ್‌ಗ್ಯಾಂಡಿ ಇದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದು ಅವಲೋಕನ ಬರೆಯಬೇಕು. ಮೇಲ್ವಿಚಾರಣೆ ವಿಭಾಗದ ಮುಖ್ಯಸ್ಥ ಫ್ರೆಡ್ರಿಕ್ ಸ್ಟೇರ್ ಅವರದು. ಕೊನೆಗೆ ಕೊಟ್ಟ ಹಣ 6,500 ಡಾಲರ್. 2016ರ ಬೆಲೆಯಲ್ಲಿ ಸುಮಾರು 50 ಸಾವಿರ.

ಪತ್ರಗಳನ್ನು ಓದುವಾಗ ಮಜಾ ಬರುತ್ತದೆ. ಫೌಂಡೇಶನ್ನಿನ ಜಾನ್ ಹಿಕ್ಸನ್ ತಮ್ಮ ವಿಶೇಷ ಆಸಕ್ತಿ ಏನೆಂದು ಬರೆದು ತಿಳಿಸುತ್ತಾರೆ. ಅದು ನಮಗೆ ಚೆನ್ನಾಗಿ ಗೊತ್ತು, ಆದಷ್ಟು ಸೇರಿಸುತ್ತೇವೆ ಎಂದು ಹೆಗ್‌ಸ್ಟೆಡ್ ಉತ್ತರ. ಕೆಲಸ ತಡವಾದಾಗ ಹೆಗ್‌ಸ್ಟೆಡ್ ಕೊಟ್ಟ ಕಾರಣ ಇನ್ನೂ ಚೆನ್ನ: ಸಕ್ಕರೆಯನ್ನು ದೂರುವ ಅಯೋವಾದ ಸಂಶೋಧಕರು ಹೊಸ ಲೇಖನ ಹಾಕಿದಾಗಲೆಲ್ಲ ಅದನ್ನು ಖಂಡಿಸಲು ಒಂದು ಭಾಗ ಮತ್ತೆ ಬರೆಯಬೇಕಾಗುತ್ತಿದೆಯಂತೆ. ಕರಡು ನೋಡಿದ ಹಿಕ್ಸನ್, ನಮ್ಮ ಮನಸ್ಸಿನಲ್ಲಿ ಇದ್ದದ್ದು ಇದೇ ಎಂದು ಖುಷಿಪಟ್ಟರು.

1967ರಲ್ಲಿ ಆ ಅವಲೋಕನ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಎರಡು ಕಂತಾಗಿ ಬಂತು. ಹೃದಯ ಉಳಿಸಿಕೊಳ್ಳಲು ಕೊಬ್ಬು, ಕೊಲೆಸ್ಟರಾಲ್ ಕಡಿಮೆ ಮಾಡುವುದೇ ದಾರಿ ಎಂಬುದು ಅದರ ತೀರ್ಪು. ಸಕ್ಕರೆ ವಿರುದ್ಧದ ಅಧ್ಯಯನಗಳಲ್ಲಿ ಹುಡುಕಿ ಹುಡುಕಿ ಹುಳುಕು ತೋರಿಸಿದ್ದರು. ಕೊಬ್ಬಿನ ವಿರುದ್ಧದ ಅಧ್ಯಯನಗಳಿಗೆ ಅಷ್ಟು ಬಿಗಿ ಇರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅಂತಾರಲ್ಲ. ಇಲ್ಲಿ ಸುಣ್ಣ ಸಿಕ್ಕಿದ್ದು ಬೆಣ್ಣೆಗೇ. ಲೇಖಕರ ಬೇರೆ ಸಂಶೋಧನೆಗಳಿಗೆ ಸಿಕ್ಕ ಹಣದ ವಿವರ ಅಲ್ಲಿತ್ತು. ಸಕ್ಕರೆಯವರ ಹೆಸರು ಮಾತ್ರ ಇರಲಿಲ್ಲ.

ಹಾಗಂತ ಹಾರ್ವರ್ಡ್‌ನವರು ಮಾರಿಕೊಂಡರು ಎಂದು ಮುಗಿಸಿಬಿಡುವುದು ಸುಲಭ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇಬ್ಬರು ಇತಿಹಾಸಕಾರರು ಇದಕ್ಕೆ ತಕರಾರು ತೆಗೆದರು. ಉದ್ಯಮದ ಹಣ ತೆಗೆದುಕೊಳ್ಳುವುದು ಆಗ ಮಾಮೂಲಿಯಾಗಿತ್ತು, ಹಾಲಿನ ಉದ್ಯಮದ ಹಣವೂ ಇದೇ ತಂಡಕ್ಕೆ ಬಂದಿತ್ತು, ಕೊಬ್ಬೇ ಕಾರಣ ಎಂದು ಇವರು ಮೊದಲಿನಿಂದಲೂ ನಂಬಿದ್ದರು ಎಂಬುದು ಅವರ ವಾದ. ಒಪ್ಪುವ ಮಾತೇ. ಹಾಲಿನವರ ಕಾಸು ತಗೊಂಡೂ ಬೆಣ್ಣೆಯನ್ನು ಬಯ್ದವರನ್ನು ಕೊಳ್ಳಬಹುದಾದವರು ಅನ್ನುವುದು ಕಷ್ಟ. ಆದರೆ ನನಗೆ ಕಾಣುವ ತೊಂದರೆಯೂ ಅಲ್ಲೇ ಇದೆ. ಹಿಕ್ಸನ್ ಯಾರ ಅಭಿಪ್ರಾಯವನ್ನೂ ಕೊಳ್ಳಬೇಕಿರಲಿಲ್ಲ. ತಮಗೆ ಬೇಕಾದ್ದನ್ನು ಆಗಲೇ ನಂಬಿರುವ ದೊಡ್ಡ ಹೆಸರಿನವರನ್ನು ಹುಡುಕಿದರೆ ಸಾಕಿತ್ತು. ಅವರಿಗೆ ಬಿಡುವು, ಕಾಸು, ವಿಷಯ ಮೂರನ್ನೂ ಕೊಟ್ಟರು. ಯುಡ್ಕಿನ್ ಪರ ಅಂಥದ್ದೊಂದು ಅವಲೋಕನ ಬರೆಸಲು ಸಕ್ಕರೆಯವರು ಕಾಸು ಬಿಚ್ಚುತ್ತಿದ್ದರೇ?

ಲೇಖಕರು ಹಣದ ಮೂಲ ತಿಳಿಸಲೇಬೇಕು ಎಂದು ನ್ಯೂ ಇಂಗ್ಲೆಂಡ್ ಜರ್ನಲ್ ಕೇಳಲು ಶುರುಮಾಡಿದ್ದು 1984ರಲ್ಲಿ. 2016ರ ಲೇಖನ ಬಂದಾಗ ಸಕ್ಕರೆ ಉದ್ಯಮದ ಸಂಘ, ಪಾರದರ್ಶಕತೆ ಇನ್ನಷ್ಟು ಇರಬೇಕಿತ್ತು ಎಂದು ಒಪ್ಪಿಕೊಂಡಿತು. ಆಗ ಅಂಥ ನಿಯಮ ಇರಲಿಲ್ಲ ಎಂದೂ ಸೇರಿಸಿತು.

ಮರುವರ್ಷ ಕರ್ನ್ಸ್ ತಂಡ ‘ಪ್ಲಾಸ್ ಬಯಾಲಜಿ’ಯಲ್ಲಿ ‘ಪ್ರಾಜೆಕ್ಟ್ 259’ರ ಕಡತ ಬಿಚ್ಚಿತು. 1968ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪೋವರ್ ಎಂಬುವರಿಗೆ ಇದೇ ಫೌಂಡೇಶನ್ ಇಲಿಗಳ ಮೇಲೆ ಪ್ರಯೋಗಕ್ಕೆ ಹಣ ಕೊಟ್ಟಿತ್ತು. ಸಕ್ಕರೆ ತಿಂದ ಇಲಿಗಳಲ್ಲಿ, ಮೂತ್ರಕೋಶದ ಕ್ಯಾನ್ಸರ್ ಜೊತೆ ಆಗ ತಳುಕು ಹಾಕಲಾಗಿದ್ದ ಒಂದು ಕಿಣ್ವ ಜಾಸ್ತಿ ಕಂಡಂತಿತ್ತು. ಕೆಲಸ ಮುಗಿಸಲು ಇನ್ನು ಹನ್ನೆರಡು ವಾರ ಬೇಕು ಎಂದರು ಪೋವರ್. ಹಣ ನಿಂತಿತು. ತಡವಾಗಿತ್ತು, ಖರ್ಚು ಮೀರಿತ್ತು, ಅದಕ್ಕೇ ನಿಲ್ಲಿಸಿದ್ದು ಎನ್ನುತ್ತದೆ ಸಂಘ. ಹೆಗ್‌ಸ್ಟೆಡ್ ಕೆಲಸವೂ ತಡವಾಗಿತ್ತು; ಅದಕ್ಕೆ ಕಾದಿದ್ದರು. ಪೋವರ್ ಅವರ ಫಲಿತಾಂಶ ಅಚ್ಚಾಗಲೇ ಇಲ್ಲ.