ಬ್ರೌಸರಿನ ಮಾತುಕತೆಗೆ ಕಚೇರಿಯ ಜಾಲದಲ್ಲಿ ದಾರಿ

ಇಂದು ಒಂದು ಕೊಂಡಿಯನ್ನು ಒತ್ತಿದರೆ ಸಾಕು, ಪ್ರತ್ಯೇಕ ತಂತ್ರಾಂಶವಿಲ್ಲದೆಯೇ ಬ್ರೌಸರಿನೊಳಗೆ ಎದುರಿನವರ ಮುಖ ಕಾಣುತ್ತದೆ, ಮಾತು ಕೇಳಿಸುತ್ತದೆ. ಇದನ್ನು ಸಾಧ್ಯವಾಗಿಸಿದ ತಂತ್ರಜ್ಞಾನದ ಹೆಸರು ವೆಬ್‌ಆರ್‌ಟಿಸಿ. 2010ರಲ್ಲಿ ಗೂಗಲ್ ಸಂಸ್ಥೆಯು ಗ್ಲೋಬಲ್ ಐಪಿ ಸಲ್ಯೂಷನ್ಸ್ ಎಂಬ ಕಂಪನಿಯನ್ನು ಕೊಂಡು, ಅದರ ಧ್ವನಿ ಸಂಸ್ಕರಣೆಯ ತಂತ್ರಾಂಶವನ್ನು ಮರುವರ್ಷ ಮುಕ್ತವಾಗಿ ಹಂಚಿತು. 2013ರ ಫೆಬ್ರವರಿಯಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳ ನಡುವೆ ಕರೆ ಸಾಧ್ಯವಾಯಿತು, 2017ರಲ್ಲಿ ಸಫಾರಿ ಸೇರಿಕೊಂಡಿತು, 2021ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟವು ಇದನ್ನು ಅಧಿಕೃತ ಮಾನಕವೆಂದು ಪ್ರಕಟಿಸಿತು. ಬ್ರೌಸರಿನ ಕಡೆಯ ಕೆಲಸ ಹೀಗೆ ಬಹುಮಟ್ಟಿಗೆ ಮುಗಿದಿದೆ. ಆದರೂ ದೊಡ್ಡ ಸಂಸ್ಥೆಗಳ ಒಳಗೆ ಕರೆಗಳು ಕಡಿಯುವುದು, ಧ್ವನಿ ಒಡೆಯುವುದು ನಿಂತಿಲ್ಲ. ಇದಕ್ಕೆ ಮುಖ್ಯ ಕಾರಣ, ಕಡತಗಳನ್ನೂ ಮಿಂಚಂಚೆಯನ್ನೂ ಸಾಗಿಸಲು ರೂಪಿಸಿದ ಕಚೇರಿಯ ಜಾಲಗಳು ಸಂಭಾಷಣೆಯ ಅಗತ್ಯಕ್ಕೆ ಇನ್ನೂ ಪೂರ್ತಿ ಹೊಂದಿಕೊಂಡಿಲ್ಲದಿರುವುದು.

ಸಂಭಾಷಣೆಗೆ ಕಾಲದ ಮಿತಿ ಬಹಳ ಬಿಗಿಯಾದದ್ದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಒಬ್ಬರ ಬಾಯಿಂದ ಹೊರಟ ಮಾತು 150 ಮಿಲಿಸೆಕೆಂಡಿನೊಳಗೆ ಇನ್ನೊಬ್ಬರ ಕಿವಿಯನ್ನು ತಲುಪಿದರೆ ಮಾತುಕತೆ ಸಹಜವಾಗಿ ನಡೆಯುತ್ತದೆ; ವಿಳಂಬ ಅದನ್ನು ಮೀರಿ ಹೆಚ್ಚುತ್ತ ಹೋದಂತೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ಸುಮ್ಮನಾಗುವ ಮುಜುಗರ ಶುರುವಾಗುತ್ತದೆ. ವೆಬ್‌ಆರ್‌ಟಿಸಿಯಲ್ಲಿ ಧ್ವನಿಯನ್ನು ಸಂಕುಚಿಸುವ ಓಪಸ್ ವಿಧಾನವು ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತದೆ, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್‌ಗಳು. ಇವುಗಳಲ್ಲಿ ಒಂದು ಕಳೆದುಹೋದರೆ ಅಕ್ಕಪಕ್ಕದ ಧ್ವನಿಯಿಂದ ಊಹಿಸಿ ತೇಪೆ ಹಾಕಬಹುದು. ಕೇಳುವವರಿಗೆ ಗೊತ್ತಾಗುವುದೇ ಕಡಿಮೆ. ಆದರೆ ಕಳೆದದ್ದನ್ನು ಮತ್ತೆ ತರಿಸಿಕೊಳ್ಳಲು ಅದರ ಹಿಂದೆ ಬರುತ್ತಿರುವವನ್ನೆಲ್ಲ ತಡೆದು ನಿಲ್ಲಿಸಿದರೆ ಮಾತೇ ನಿಂತಂತಾಗುತ್ತದೆ. ವೆಬ್ ಪುಟಗಳನ್ನು ದಶಕಗಳ ಕಾಲ ಹೊತ್ತು ತಂದ ಟಿಸಿಪಿ ನಿಯಮಾವಳಿ ಮಾಡುವುದು ಹೀಗೆ ತಡೆದು ನಿಲ್ಲಿಸುವ ಕೆಲಸವನ್ನೇ. ಆದ್ದರಿಂದ ಕರೆಗಳು 1980ರಲ್ಲೇ ರೂಪುಗೊಂಡ, ಕಳೆದದ್ದರ ಗೊಡವೆಗೆ ಹೋಗದ ಯುಡಿಪಿಯನ್ನು ಬಯಸುತ್ತವೆ.

ಇಲ್ಲಿಂದ ಮುಂದೆ ವಿಳಾಸದ ಸಮಸ್ಯೆ ಎದುರಾಗುತ್ತದೆ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಜಾಣ್ಮೆಯ ಪರಿಹಾರ ಕಾಣಿಸುವುದೂ ಇಲ್ಲಿಯೇ. ಅಂತರಜಾಲದ ವಿಳಾಸ ಪದ್ಧತಿಯಾದ ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಸಾಲದ ವಿಳಾಸಗಳನ್ನು ಸಾಕುಮಾಡಲು ಸಂಸ್ಥೆಗಳು ತಮ್ಮೊಳಗಿನ ಗಣಕಗಳಿಗೆ 10ರಿಂದಲೋ 192.168ರಿಂದಲೋ ಶುರುವಾಗುವ ಖಾಸಗಿ ವಿಳಾಸಗಳನ್ನು ಕೊಟ್ಟು, ಹೊರಗಿನ ಜಗತ್ತಿಗೆ ಒಂದೆರಡು ಸಾರ್ವಜನಿಕ ವಿಳಾಸಗಳನ್ನಷ್ಟೇ ತೋರಿಸುತ್ತವೆ. ಖಾಸಗಿ ವಿಳಾಸವೆಂದರೆ ಮನೆಯಲ್ಲಿ ಮಗುವನ್ನು ಪುಟ್ಟ ಎಂದು ಕರೆದಂತೆ. ಆ ಹೆಸರು ಬರೆದು ಅಂಚೆಗೆ ಹಾಕಿದರೆ ಕಾಗದ ತಲುಪುವುದಿಲ್ಲ. ಹಾಗಾಗಿ ಬ್ರೌಸರಿಗೆ ತನ್ನ ಹೊರಗಿನ ವಿಳಾಸ ತನಗೇ ತಿಳಿದಿರುವುದಿಲ್ಲ. ಅದು ಮೊದಲು ಸ್ಟನ್ ಎಂಬ ಸರ್ವರಿಗೆ ಒಂದು ಪ್ಯಾಕೆಟ್ ಕಳಿಸಿ, ತಾನು ಯಾವ ವಿಳಾಸದಿಂದ, ಯಾವ ಪೋರ್ಟ್‌ನಿಂದ (ಆ ವಿಳಾಸದೊಳಗಿನ ಬಾಗಿಲ ಸಂಖ್ಯೆಯಿಂದ) ಬಂದಂತೆ ಕಾಣುತ್ತಿದೆ ಎಂದು ಕೇಳಿ ತಿಳಿದುಕೊಳ್ಳುತ್ತದೆ. ಎರಡೂ ಕಡೆಯ ಬ್ರೌಸರುಗಳು ಹೀಗೆ ಸಂಗ್ರಹಿಸಿದ ವಿಳಾಸಗಳ ಪಟ್ಟಿಯನ್ನು ಕರೆ ಏರ್ಪಡಿಸುವ ಜಾಲತಾಣದ ಮೂಲಕ ಅದಲುಬದಲು ಮಾಡಿಕೊಂಡು, ಪಟ್ಟಿಯಲ್ಲಿನ ಒಂದೊಂದು ಜೋಡಿಗೂ ಪರೀಕ್ಷಾ ಪ್ಯಾಕೆಟ್‌ಗಳನ್ನು ಕಳಿಸತೊಡಗುತ್ತವೆ. ಹೊರಹೋಗುವ ಪ್ರತಿಯೊಂದು ಪ್ಯಾಕೆಟ್ ತನ್ನ ಕಡೆಯ ರೂಟರಿನಲ್ಲಿ ಉತ್ತರ ಬರಲೆಂದು ಸ್ವಲ್ಪ ಹೊತ್ತು ಒಂದು ಕಿಂಡಿಯನ್ನು ತೆರೆದಿಡುತ್ತದೆ. ಎರಡು ಕಡೆಯಿಂದಲೂ ಕಿಂಡಿಗಳು ತೆರೆದುಕೊಂಡಾಗ, ಯಾರ ಅಪ್ಪಣೆಗೂ ಕಾಯದೆ ನೇರ ದಾರಿಯೊಂದು ಸಿದ್ಧವಾಗುತ್ತದೆ. ಐಸ್ ಎಂದು ಕರೆಯುವ ಈ ಕ್ರಮವು ಮನೆಯ ಸಾಮಾನ್ಯ ರೂಟರುಗಳಲ್ಲಿ ಹೆಚ್ಚಾಗಿ ಯಶಸ್ವಿಯಾಗುತ್ತದೆ.

ಸಂಸ್ಥೆಗಳ ಉಪಕರಣಗಳು ಮಾತ್ರ ಇಷ್ಟು ಉದಾರವಲ್ಲ. ಅವುಗಳಲ್ಲಿ ಅನೇಕವು ಪ್ರತಿ ಹೊಸ ಗಮ್ಯಕ್ಕೂ ಬೇರೆ ಬೇರೆ ಪೋರ್ಟ್ ಕೊಡುವುದರಿಂದ ಸ್ಟನ್ ಹೇಳಿದ ವಿಳಾಸ ಇನ್ನೊಬ್ಬರೊಂದಿಗೆ ಮಾತನಾಡಲು ಉಪಯೋಗಕ್ಕೆ ಬರುವುದಿಲ್ಲ. ಆಗ ಟರ್ನ್ ಎಂಬ ಮಧ್ಯವರ್ತಿ ಸರ್ವರಿನ ಮೂಲಕವೇ ಎಲ್ಲ ಪ್ಯಾಕೆಟ್‌ಗಳೂ ಹಾದುಹೋಗಬೇಕು. ಇನ್ನು ಕೆಲವು ಕಚೇರಿಗಳು ಯುಡಿಪಿಯನ್ನೇ ಸಾರಾಸಗಟಾಗಿ ತಡೆಯುತ್ತವೆ; ಕೊನೆಯ ಉಪಾಯವಾಗಿ ಕರೆಯು ವೆಬ್ ಪುಟಗಳು ಬಳಸುವ 443ನೆಯ ಪೋರ್ಟ್‌ನಲ್ಲಿ ಟಿಸಿಪಿಯ ಒಳಗೆ ತೂರಿಕೊಂಡು ಹೋಗುತ್ತದೆ. ಹೀಗೆ ತಡೆಯುವುದರಿಂದ ಸುರಕ್ಷತೆಗೆ ಲಾಭವಿದೆಯೆಂದು ನನಗೆ ಅನ್ನಿಸುವುದಿಲ್ಲ. ಕರೆ ನಿಲ್ಲುವುದಿಲ್ಲ, ಅದರ ಗುಣಮಟ್ಟ ಮಾತ್ರ ಕೆಡುತ್ತದೆ, ಮತ್ತು ದೂಷಣೆಯೆಲ್ಲ ಕರೆಯ ತಂತ್ರಾಂಶದ ಮೇಲೆ ಬೀಳುತ್ತದೆ. ಬಳಸುವ ಸೇವೆಯ ಗೊತ್ತಾದ ವಿಳಾಸಗಳಿಗೆ ಯುಡಿಪಿಯನ್ನು ತೆರೆದುಕೊಡುವುದು ಒಂದು ಮಧ್ಯಾಹ್ನದ ಕೆಲಸ. ಅದರಿಂದ ಸಿಗುವಷ್ಟು ಸುಧಾರಣೆ ದುಬಾರಿ ಕ್ಯಾಮೆರಾ ಕೊಂಡರೂ ಸಿಗುವುದಿಲ್ಲ.

ದಾರಿ ಸಿಕ್ಕಿದರೆ ಸಾಲದು, ಅದು ಹತ್ತಿರದ ದಾರಿಯೂ ಆಗಿರಬೇಕು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದು ಹುಬ್ಬಳ್ಳಿ, ಮಂಗಳೂರುಗಳಲ್ಲಿ ಶಾಖೆಗಳಿರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಹಳೆಯ ಪದ್ಧತಿಯಲ್ಲಿ ಶಾಖೆಗಳೆಲ್ಲ ಎಂಪಿಎಲ್‌ಎಸ್ ಎಂಬ ಬಾಡಿಗೆ ಮಾರ್ಗಗಳ ಮೂಲಕ ಬೆಂಗಳೂರಿಗೆ ಕಟ್ಟಿಕೊಂಡಿರುತ್ತವೆ. ಅಂತರಜಾಲಕ್ಕೆ ಬಾಗಿಲು ಅಲ್ಲೊಂದೇ, ತಪಾಸಣೆಯೂ ಅಲ್ಲಿಯೇ. ಸಭೆಯ ಸರ್ವರ್ ಮುಂಬೈಯಲ್ಲಿದ್ದರೂ ಹುಬ್ಬಳ್ಳಿಯ ಮಾತು ಮೊದಲು ದಕ್ಷಿಣಕ್ಕೆ ಬಂದು, ಸರತಿಯಲ್ಲಿ ನಿಂತು, ಮತ್ತೆ ಉತ್ತರಕ್ಕೆ ಹೊರಡಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ಸಾವಿರ ಕಿಲೋಮೀಟರಿಗೆ ತಗಲುವುದು 5 ಮಿಲಿಸೆಕೆಂಡು ಮಾತ್ರ. ನಿಜವಾಗಿ ಕಾಡುವುದು ದೂರಕ್ಕಿಂತ ಹೆಚ್ಚಾಗಿ ಆ ಒಂದೇ ಬಾಗಿಲಿನ ನೂಕುನುಗ್ಗಲು. ಬ್ರೌಸರು ಇದನ್ನು ಗ್ರಹಿಸುತ್ತದೆ ಕೂಡ: ಪ್ಯಾಕೆಟ್‌ಗಳ ನಡುವಿನ ಅಂತರ ಹಿಗ್ಗತೊಡಗಿದರೆ ಎಲ್ಲೋ ಸರತಿ ಬೆಳೆಯುತ್ತಿದೆ ಎಂದು ಅರಿತು, ಪ್ಯಾಕೆಟ್ ಕಳೆಯುವ ಮೊದಲೇ ವಿಡಿಯೊದ ಸ್ಪಷ್ಟತೆಯನ್ನು ತಗ್ಗಿಸುತ್ತದೆ. ಸಭೆಯ ನಡುವೆ ಮುಖಗಳು ಇದ್ದಕ್ಕಿದ್ದಂತೆ ಮಸುಕಾಗಲು ಹಲವು ಬಾರಿ ಇದೇ ಕಾರಣ.

2020ರ ಮಾರ್ಚ್‌ನಲ್ಲಿ ಇಡೀ ಕಚೇರಿಗಳು ಮನೆಗೆ ಹೋದಾಗ ಈ ಕೇಂದ್ರೀಕೃತ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು. ಪ್ರತಿಯೊಬ್ಬರ ಕರೆಯೂ ವಿಪಿಎನ್ ಎಂಬ ಸುರಕ್ಷಿತ ಸುರಂಗದ ಮೂಲಕ ಕಚೇರಿಗೆ ಬಂದು ಮತ್ತೆ ಹೊರಹೋಗುವಂತಾದಾಗ, ಮೈಕ್ರೋಸಾಫ್ಟ್‌ನಂಥ ಸಂಸ್ಥೆಗಳು ಕರೆಯ ದಟ್ಟಣೆಯನ್ನು ವಿಪಿಎನ್‌ನಿಂದ ಬೇರ್ಪಡಿಸಿ ನೇರವಾಗಿ ಅಂತರಜಾಲಕ್ಕೆ ಬಿಡುವಂತೆ ಗ್ರಾಹಕರಿಗೆ ಸಲಹೆ ನೀಡಿದವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಕಾಲ್ ಸೆಂಟರ್ ಮತ್ತು ಹೊರಗುತ್ತಿಗೆ ಸಂಸ್ಥೆಗಳ ಮೇಲಿದ್ದ ಬ್ಯಾಂಕ್ ಖಾತರಿ, ಸ್ಥಿರ ಐಪಿ ವಿಳಾಸ, ಜಾಲದ ನಕ್ಷೆಯ ಪ್ರಕಟಣೆಯಂಥ ಕಟ್ಟಳೆಗಳನ್ನು ತೆಗೆದುಹಾಕಿತು. ಬೆಂಗಳೂರು, ಮೈಸೂರುಗಳ ಇಂಥ ಉದ್ಯಮಕ್ಕೆ ತಂತ್ರಜ್ಞಾನಕ್ಕಿಂತ ಈ ಆದೇಶವೇ ದೊಡ್ಡ ಬಿಡುಗಡೆಯೆಂದು ನಾನು ಭಾವಿಸುತ್ತೇನೆ. ಶಾಖೆಯಿಂದಲೇ ಅಂತರಜಾಲಕ್ಕೆ ಹೊರಬಂದು, ಲಭ್ಯವಿರುವ ಮಾರ್ಗಗಳ ವಿಳಂಬವನ್ನು ಸತತವಾಗಿ ಅಳೆದು ಆಯ್ದುಕೊಳ್ಳುವ ಎಸ್‌ಡಿ-ವ್ಯಾನ್ ವ್ಯವಸ್ಥೆಗಳು ಆ ವೇಳೆಗಾಗಲೇ ಬಳಕೆಗೆ ಬಂದಿದ್ದವು; ಸಿಸ್ಕೊ 2017ರಲ್ಲಿ ವಿಪ್‌ಟೆಲಾ ಕಂಪನಿಯನ್ನು ಕೊಂಡಿದ್ದು ಇದಕ್ಕಾಗಿಯೇ.

ಜಾಲ ನಿರ್ವಾಹಕರಿಗೆ ಒಂದು ನಿಜವಾದ ಕಷ್ಟವಿದೆ, ಅದನ್ನು ಒಪ್ಪಿಕೊಳ್ಳಬೇಕು. ವೆಬ್‌ಆರ್‌ಟಿಸಿಯಲ್ಲಿ ಗೂಢಲಿಪೀಕರಣ ಕಡ್ಡಾಯವಾಗಿರುವುದರಿಂದ ಮಧ್ಯದ ಉಪಕರಣಗಳಿಗೆ ಕರೆಯ ಒಳಗಿನ ಧ್ವನಿಯಾಗಲಿ ಚಿತ್ರವಾಗಲಿ ಕಾಣುವುದಿಲ್ಲ. ಗುಣಮಟ್ಟದ ಲೆಕ್ಕ ಈಗ ಇರುವುದು ಬ್ರೌಸರಿನಲ್ಲಿ: ಎಷ್ಟು ಪ್ಯಾಕೆಟ್ ಕಳೆದವು, ಎಷ್ಟು ತಡವಾಯಿತು, ಕರೆ ನೇರವಾಗಿ ಹೋಯಿತೇ ಟರ್ನ್ ಮೂಲಕವೇ ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. ಕ್ರೋಮ್‌ನಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ರೂಟರಿನ ಮುಂದೆ ಕುಳಿತು ಹುಡುಕುತ್ತಿದ್ದ ದೋಷವನ್ನು ಇನ್ನು ಮುಂದೆ ಬಳಕೆದಾರರ ಗಣಕದಿಂದ ಹುಡುಕಲು ಆರಂಭಿಸಬೇಕಾಗುತ್ತದೆ.

ಐಪಿಯ ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ಭಾರತದ ಮೊಬೈಲ್ ಜಾಲಗಳು ಅದರ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದರೂ ಅನೇಕ ಕಚೇರಿಗಳ ಒಳಗೆ ಇನ್ನೂ ಹಳೆಯ ಆವೃತ್ತಿಯೇ ಉಳಿದಿದೆ. ಹೊಸ ಆವೃತ್ತಿ ಬಂದ ಮಾತ್ರಕ್ಕೆ ಹೊರಗಿನ ಪ್ಯಾಕೆಟ್‌ಗಳನ್ನು ತಡೆಯುವ ಫೈರ್‌ವಾಲ್ ಹೋಗುವುದಿಲ್ಲವಾದ್ದರಿಂದ ಐಸ್ ವಿಧಾನದ ಅಗತ್ಯವೂ ಹೋಗುವುದಿಲ್ಲ; ಆದರೆ ಅದು ಎರಡೂ ಆವೃತ್ತಿಗಳ ವಿಳಾಸಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ ಪರೀಕ್ಷಿಸುವುದರಿಂದ, ಸಂಸ್ಥೆಯೊಂದು ಇಂದು ಒಂದು ಮಹಡಿಯನ್ನು, ಮುಂದಿನ ವರ್ಷ ಇನ್ನೊಂದು ಶಾಖೆಯನ್ನು ಬದಲಿಸುತ್ತ ಹೋದರೂ ಕರೆಯ ತಂತ್ರಾಂಶವನ್ನು ಮುಟ್ಟಬೇಕಾಗಿಲ್ಲ.