ಕ್ಯಾಲ್ಸಿಯಂಗೆ ಬೇರೆ ಬಕೆಟ್ ಇಡಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಯಾವ ದಾಳಿಂಬೆ ತೋಟಕ್ಕೆ ಹೋದರೂ ಒಂದು ದೂರು ತಪ್ಪದೆ ಕೇಳಿಸುತ್ತದೆ. "ಡ್ರಿಪ್ಪರ್ ಕಟ್ಟಾಕತ್ಯಾವ್ರಿ." ಗಿಡದ ಸಾಲಿನುದ್ದ ಹಾಸಿದ ಲ್ಯಾಟರಲ್ ಪೈಪಿನ ತುದಿಯ ಗಿಡಗಳು ಬಾಡಿರುತ್ತವೆ, ಡ್ರಿಪ್ಪರ್ ಬಿಚ್ಚಿ ನೋಡಿದರೆ ಒಳಗೆ ಬಿಳಿ ಪುಡಿ. ಎಲ್ಲರೂ ಬೈಯುವುದು ಬೋರಿನ ನೀರನ್ನು. ನಮ್ಮ ನೀರು ಗಡಸು ಅನ್ನೋದು ಸುಳ್ಳಲ್ಲ, ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಕೈಯಾಡಿಸಿದರೆ ಗೊತ್ತಾಗುತ್ತದೆ. ಆದರೆ ಎಷ್ಟೋ ತೋಟಗಳಲ್ಲಿ ಆ ಪುಡಿಯ ಒಂದು ಪಾಲು ಗೊಬ್ಬರ ಕಲಸುವ ಬಕೆಟ್ಟಿನಲ್ಲೇ ಹುಟ್ಟಿರುತ್ತದೆ.

ನಂಬಿಕೆ ಬರದಿದ್ದರೆ ಎರಡು ಗಾಜಿನ ಲೋಟ ತಗೊಳ್ಳಿ. ಒಂದರಲ್ಲಿ ಒಂದು ಚಮಚ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ಕಲಸಿ. ಪೂರ್ತಿ ಕರಗುತ್ತದೆ, ನೀರು ತಿಳಿಯಾಗಿಯೇ ಇರುತ್ತದೆ. ಇನ್ನೊಂದರಲ್ಲಿ 12:61 ಕರಗಿಸಿ, ಅಂದರೆ ಮೋನೋ ಅಮೋನಿಯಂ ಫಾಸ್ಫೇಟ್. ಅದೂ ಕರಗುತ್ತದೆ. ಈಗ ಎರಡನ್ನೂ ಸೇರಿಸಿ ಸ್ವಲ್ಪ ಹೊತ್ತು ಬಿಡಿ. ನೀರು ಬೆಳ್ಳಗೆ ಮಬ್ಬಾಗುತ್ತದೆ, ಆಮೇಲೆ ತಳದಲ್ಲಿ ಪುಡಿ ಕೂರುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದನ್ನೊಂದು ಹಿಡಿದುಕೊಂಡು ಕ್ಯಾಲ್ಸಿಯಂ ಫಾಸ್ಫೇಟ್ ಆಗಿವೆ, ಅದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಗಿಡಕ್ಕೆ ಕ್ಯಾಲ್ಸಿಯಂ ಸಿಗಲಿಲ್ಲ, ರಂಜಕವೂ ಸಿಗಲಿಲ್ಲ, ದುಡ್ಡು ಹೋಯಿತು, ಮೇಲೆ ಡ್ರಿಪ್ಪರ್ ಬೇರೆ ಕಟ್ಟಿತು. ಸಲ್ಫೇಟ್ ಇರುವ ಗೊಬ್ಬರಗಳ ಕಥೆಯೂ ಇದೇ. ಮೆಗ್ನೀಸಿಯಂ ಸಲ್ಫೇಟ್ ಅಥವಾ 0:0:50 (ಪೊಟ್ಯಾಶಿಯಂ ಸಲ್ಫೇಟ್) ಜೊತೆ ಕ್ಯಾಲ್ಸಿಯಂ ನೈಟ್ರೇಟ್ ಕಮ್ಮಿ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಜಿಪ್ಸಂ ಆಗುತ್ತದೆ.

ನನ್ನ ತಂಗಿಯ ಮಗಳು ಜಿಎನ್‌ಎಂ ಓದುತ್ತಿದ್ದಾಳೆ, ಮೂರು ವರ್ಷದ ನರ್ಸಿಂಗ್ ಕೋರ್ಸು. ಈ ಲೋಟದ ಆಟ ನೋಡಿ ಅವಳು ನಕ್ಕುಬಿಟ್ಟಳು. "ಮಾಮಾ, ಇದನ್ನ ನಮಗ ವಾರ್ಡಿನಾಗ ಮೊದಲ ಹೇಳಿಕೊಡ್ತಾರ" ಅಂದಳು. ಅವಳು ಹೇಳಿದ್ದು ಸೆಫ್‌ಟ್ರಯಾಕ್ಸೋನ್ ವಿಷಯ. ಅಪಘಾತವಾಗಿ ಬಂದವರಿಗೆ, ಸೋಂಕು ತಗಲಿದವರಿಗೆ ಆಸ್ಪತ್ರೆಗಳಲ್ಲಿ ತುಂಬಾ ಬಳಸುವ ಆಂಟಿಬಯೋಟಿಕ್ ಅದು. ರಿಂಗರ್ ಲ್ಯಾಕ್ಟೇಟ್ ಅನ್ನುವ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ಇವೆರಡೂ ಒಂದೇ ನಳಿಗೆಯಲ್ಲಿ ಕೂಡಿದರೆ ಹರಳು ಕಟ್ಟಬಹುದು. ಹಾಗೆ ಆಗಿ ನವಜಾತ ಶಿಶುಗಳು ಸತ್ತ ಪ್ರಕರಣಗಳಿವೆ, ಹರಳು ಸಿಕ್ಕಿದ್ದು ಶ್ವಾಸಕೋಶ ಮತ್ತು ಮೂತ್ರಪಿಂಡದಲ್ಲಿ. ಅದಕ್ಕೇ 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ದ್ರವ ನರಕ್ಕೆ ಹೋಗುತ್ತಿದ್ದರೆ ಈ ಔಷಧಿ ಕೊಡಲೇಬಾರದು. ದೊಡ್ಡವರಿಗಾದರೆ ಒಂದಾದ ಮೇಲೊಂದು ಕೊಡಬಹುದು, ಆದರೆ ನಡುವೆ ನಳಿಗೆಯನ್ನು ಸರಿಯಾದ ದ್ರವದಿಂದ ತೊಳೆಯಬೇಕು. ತೋಟದಲ್ಲಿ ಹೀಗಾದರೆ ಹೋಗುವುದು ಡ್ರಿಪ್ಪರ್, ಅಲ್ಲಿ ಹೋಗುವುದು ಜೀವ.

ಇಷ್ಟೆಲ್ಲ ತೊಂದರೆ ಇದ್ದರೆ ಕ್ಯಾಲ್ಸಿಯಂ ಯಾಕೆ ಬೇಕು? ಗಿಡದ ಮಟ್ಟಿಗೆ ಹೇಳುವುದಾದರೆ ಕಾಯಿ ಸೀಳದಿರಲಿ ಅಂತ. ಸಸ್ಯದ ಜೀವಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಇಟ್ಟಿಗೆ ಗೋಡೆಗೆ ಗಾರೆ ಇದ್ದ ಹಾಗೆ ಅದು. ಆ ಅಂಟಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಕ್ಯಾಲ್ಸಿಯಂ. ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸುಣ್ಣದ ರೂಪದ ಕ್ಯಾಲ್ಸಿಯಂ ಬೇಕಾದಷ್ಟಿದೆ, ಮತ್ತೆ ಕೊರತೆ ಎಲ್ಲಿಂದ ಬಂತು ಅಂತ ರೈತರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಕ್ಯಾಲ್ಸಿಯಂ ಗಿಡದಲ್ಲಿ ಹೆಚ್ಚುಕಡಿಮೆ ನೀರಿನ ಜೊತೆಗೇ ಮೇಲೇರುತ್ತದೆ. ಎಲೆಗಳು ಬಿಸಿಲಿಗೆ ನೀರನ್ನು ಆವಿ ಮಾಡಿ ಎಳೆಯುತ್ತಲೇ ಇರುತ್ತವೆ, ಹಾಗಾಗಿ ಕ್ಯಾಲ್ಸಿಯಂ ಅಲ್ಲಿಗೆ ಹೋಗಿ ಸೇರುತ್ತದೆ. ಕಾಯಿಯಿಂದ ಆವಿಯಾಗುವ ನೀರು ಕಮ್ಮಿ, ಅದಕ್ಕೆ ಬರುವ ಪಾಲೂ ಕಮ್ಮಿ. ಒಮ್ಮೆ ಎಲೆಗೆ ಸೇರಿದ್ದು ತಿರುಗಿ ಕಾಯಿಗೆ ಬರುವುದಿಲ್ಲ. ಯೂರಿಯಾ ಜಾಸ್ತಿ ಹಾಕಿ ಎಲೆ ಸೊಂಪಾಗಿ ಬೆಳೆಸಿದಷ್ಟೂ ಕಾಯಿಗೆ ಮೋಸ.

ಸೀಳುವುದಕ್ಕೆ ಇದೊಂದೇ ಕಾರಣ ಅನ್ನುವ ಹಾಗಿಲ್ಲ, ಬೋರಾನ್ ಕೊರತೆಯೂ ಸೇರುತ್ತದೆ. ಎಲ್ಲಕ್ಕಿಂತ ದೊಡ್ಡದು ನೀರಿನ ಏರುಪೇರು. ನಾಲ್ಕು ದಿನ ಕರೆಂಟ್ ಕೈಕೊಟ್ಟಾಗ ಸಿಪ್ಪೆ ಬಿರುಸಾಗುತ್ತದೆ, ಐದನೇ ದಿನ ಹರಕೆ ತೀರಿಸಿದ ಹಾಗೆ ಇಡೀ ರಾತ್ರಿ ನೀರು ಬಿಡುತ್ತೇವೆ. ಒಳಗಿನ ಕಾಳು ಉಬ್ಬುತ್ತದೆ, ಹಿಗ್ಗದ ಸಿಪ್ಪೆ ಹರಿಯುತ್ತದೆ. ನೀರಿನ ಲೆಕ್ಕ ನಿಜಕ್ಕೂ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ಅಂದರೆ ಸರಿಯಾಗಿ 1 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 7 ಮಿ.ಮೀ. ಆವಿಯಾಗುತ್ತದೆ, ಗಿಡ ಅದರ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ, 0.7 ಪಾಲು ಬಳಸುತ್ತದೆ, ಗಿಡದ ನೆರಳು 6 ಚದರ ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಸುಮಾರು 29 ಲೀಟರ್. ಗಂಟೆಗೆ 4 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್ ಇದ್ದರೆ ಎರಡು ಗಂಟೆಯೊಳಗೆ ಮುಗಿಯಿತು. ಮಸಾರಿ ಅಂದರೆ ಕೆಂಪು ಮಣ್ಣಿನಲ್ಲಿ ದಿನಾ ಕೊಡಿ, ಎರೆಯಲ್ಲಿ ತೇವ ನೋಡಿ ದಿನ ಬಿಟ್ಟು ಕೊಡಿ.

ಇನ್ನು ರಕ್ತದ ಕಡೆ ಬರೋಣ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. 1890ರಲ್ಲಿ ಫ್ರಾನ್ಸಿನ ಆರ್ಥುಸ್ ಮತ್ತು ಪಜೆಸ್ ಇದನ್ನು ತೋರಿಸಿದರು. ರಕ್ತಕ್ಕೆ ಆಕ್ಸಲೇಟ್ ಹಾಕಿದರೆ ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವುದೇ ಇಲ್ಲ. 1914ರಲ್ಲಿ ಅದೇ ಉಪಾಯ ರಕ್ತದಾನಕ್ಕೆ ಬಂತು. ಬೆಲ್ಜಿಯಂನ ಹುಸ್ಟಿನ್, ಅರ್ಜೆಂಟೀನಾದ ಅಗೋಟೆ ಸಿಟ್ರೇಟ್ ಬಳಸಿದರು. ಇವತ್ತೂ ಬ್ಲಡ್ ಬ್ಯಾಂಕಿನ ಚೀಲದಲ್ಲಿರುವುದು ಸಿಟ್ರೇಟೇ.

ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿ ಮೇಲೇ ಹಾದು ಹೊಸಪೇಟೆಗೆ ಹೋಗುತ್ತದೆ. ಅಲ್ಲಿ ಲಾರಿಗೆ ಬೈಕ್ ಗುದ್ದಿ, ತೊಡೆ ಮೂಳೆ ಮುರಿದು ಬಂದವನನ್ನು ನೆನೆಸಿಕೊಳ್ಳಿ. ದೊಡ್ಡವರ ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಅದರಲ್ಲಿ ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ಹೇಗೋ ತಡೆದುಕೊಂಡಿರಬಹುದು, ಆಮೇಲೆ ಕುಸಿಯುತ್ತದೆ. ಜೊತೆಗೆ ಬಂದವರು "ಇನ್ನೊಂದು ಸಲೈನ್ ಹಚ್ಚಿ" ಅಂತ ಜಗಳಕ್ಕೇ ನಿಲ್ಲುತ್ತಾರೆ. ಪ್ರೀತಿ ಅರ್ಥವಾಗುತ್ತದೆ, ಆದರೆ ಬಾಟಲಿ ಮೇಲೆ ಬಾಟಲಿ ಸಲೈನ್ ಹೋದರೆ ಉಳಿದ ರಕ್ತ ತೆಳುವಾಗುತ್ತದೆ, ಹೆಪ್ಪುಗಟ್ಟಿಸುವ ಅಂಶಗಳೂ ತೆಳುವಾಗುತ್ತವೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಎದೆ, ಹೊಟ್ಟೆಗೆ ಗುಂಡು ಅಥವಾ ಚಾಕು ತಗಲಿದ 598 ಮಂದಿಯನ್ನು ಹೋಲಿಸಿ ನೋಡಿತ್ತು. ಬಂದ ತಕ್ಷಣ ದ್ರವ ಸುರಿದವರಲ್ಲಿ ಬದುಕಿದ್ದು ಶೇ 62, ಆಪರೇಷನ್‌ವರೆಗೆ ಕಾದವರಲ್ಲಿ ಶೇ 70. ಎಲ್ಲ ಗಾಯಕ್ಕೂ ಈ ಲೆಕ್ಕ ಕೂಡುವುದಿಲ್ಲ, ತಲೆಗೆ ಪೆಟ್ಟಾದವರ ಬಿಪಿ ಬೀಳಲು ಬಿಡಬಾರದು. ಆದರೂ ಮೊದಲ ಕೆಲಸ ರಕ್ತ ನಿಲ್ಲಿಸುವುದು, ಆಮೇಲೆ ರಕ್ತಕ್ಕೆ ರಕ್ತವನ್ನೇ ಕೊಡುವುದು.

ಕ್ಯಾಲ್ಸಿಯಂ ತಕರಾರು ಶುರುವಾಗುವುದು ಇಲ್ಲೇ. ಚೀಲದ ರಕ್ತದ ಜೊತೆ ಸಿಟ್ರೇಟೂ ಮೈಗೆ ಹೋಗುತ್ತದೆ. ಲಿವರ್ ಚೆನ್ನಾಗಿದ್ದರೆ ಒಂದು ಚೀಲದ ಸಿಟ್ರೇಟನ್ನು ಕೆಲವೇ ನಿಮಿಷದಲ್ಲಿ ಕರಗಿಸಿಬಿಡುತ್ತದೆ. ರಕ್ತ ಹೋಗಿ ಬಿಪಿ ಕುಸಿದವನ, ಅಂದರೆ ಶಾಕ್‌ನಲ್ಲಿರುವವನ, ಲಿವರ್‌ಗೇ ರಕ್ತ ಸರಿಯಾಗಿ ಹೋಗುತ್ತಿರುವುದಿಲ್ಲ. ಚೀಲ ಮೇಲೆ ಚೀಲ ಹಚ್ಚಿದಂತೆ ಸಿಟ್ರೇಟ್ ಉಳಿದು ಅವನ ಕ್ಯಾಲ್ಸಿಯಂ ಹಿಡಿಯುತ್ತದೆ. ರಕ್ತ ಕೊಡುತ್ತಿದ್ದರೂ ಹೆಪ್ಪುಗಟ್ಟುವುದಿಲ್ಲ, ಹೃದಯದ ಬಡಿತಕ್ಕೂ ಬಲ ಸಾಲದು. ಅದಕ್ಕೇ ಟ್ರಾಮಾ ವಾರ್ಡಿನಲ್ಲಿ ನಡುನಡುವೆ ಕ್ಯಾಲ್ಸಿಯಂ ಕೊಡುತ್ತಾರೆ, ಆದರೆ ರಕ್ತ ಹೋಗುವ ನಳಿಗೆಯಲ್ಲಿ ಕೊಡುವುದಿಲ್ಲ. ಅಲ್ಲಿ ಸಿಟ್ರೇಟನ್ನು ಮೀರಿ ನಳಿಗೆಯೊಳಗೇ ಹೆಪ್ಪುಗಟ್ಟಬಹುದು. ರಕ್ತದ ಜೊತೆ ರಿಂಗರ್ ಲ್ಯಾಕ್ಟೇಟ್ ಬೇಡ, ಸಲೈನ್ ಮಾತ್ರ ಅಂತ ನರ್ಸಿಂಗ್ ಮಕ್ಕಳಿಗೆ ಹೇಳಿಕೊಡುವುದೂ ಇದೇ ಕಾರಣಕ್ಕೆ. ಕ್ಯಾಲ್ಸಿಯಂ ಕ್ಲೋರೈಡ್ ನರದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟುಹೋಗುತ್ತದೆ. ಸೂಜಿ ಸರಿಯಾಗಿ ಕೂತಿದೆಯಾ ಅಂತ ಮೊದಲೇ ನೋಡುವುದು, ಕೊಡುವಾಗ ಕೈ ಊದುತ್ತಿದೆಯಾ ಅಂತ ಗಮನಿಸುವುದು ಹೆಚ್ಚಾಗಿ ನರ್ಸ್ ಪಾಲಿನ ಕೆಲಸ.

ಅಂದಹಾಗೆ ಈ ರಿಂಗರ್ ಯಾರು ಗೊತ್ತಾ? ಸಿಡ್ನಿ ರಿಂಗರ್, ಲಂಡನ್ನಿನ ವೈದ್ಯ. 1880ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿತ ಅಳೆಯುತ್ತಿದ್ದರು. ಬಟ್ಟಿ ಇಳಿಸಿದ ನೀರು ಬಳಸಬೇಕಾದ ಕಡೆ ನಲ್ಲಿ ನೀರು ಬಳಕೆಯಾಗಿತ್ತು, ಹೃದಯ ಗಂಟೆಗಟ್ಟಲೆ ಬಡಿಯಿತು. ಬಟ್ಟಿ ನೀರಿಗೆ ಬದಲಿಸಿದರೆ ಬಡಿತ ಕುಗ್ಗಿಹೋಗುತ್ತಿತ್ತು. ಗುಟ್ಟು ನಲ್ಲಿ ನೀರಿನ ಸುಣ್ಣದಲ್ಲಿ, ಅಂದರೆ ಕ್ಯಾಲ್ಸಿಯಂನಲ್ಲಿತ್ತು. ನಾವು ದಿನಾ ಬೈಯುವ ಗಡಸು ನೀರೇ!

ತೋಟಕ್ಕೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಕ್ಯಾಲ್ಸಿಯಂ ನೈಟ್ರೇಟಿಗೆ ಬೇರೆ ಬಕೆಟ್, ಬೇರೆ ದಿನ. 12:61, 0:52:34 (ಇದೂ ಫಾಸ್ಫೇಟ್ ಗೊಬ್ಬರವೇ), ಸಲ್ಫೇಟ್ ಗೊಬ್ಬರಗಳು ಇನ್ನೊಂದು ದಿನ. ಮೊದಲು ಸ್ವಲ್ಪ ಹೊತ್ತು ಬರೀ ನೀರು, ನಡುವೆ ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಪೈಪಿಗೆ ಎಳೆದುಕೊಳ್ಳುವ ಸಾಧನ) ಗೊಬ್ಬರ, ಕೊನೆಗೆ ಹದಿನೈದು ನಿಮಿಷ ಮತ್ತೆ ಬರೀ ನೀರು. ತಿಂಗಳಿಗೊಮ್ಮೆ ಲ್ಯಾಟರಲ್ ತುದಿ ಬಿಚ್ಚಿ ನೀರು ಹೊಡೆಸಿ. ಈಗಾಗಲೇ ಕಟ್ಟಿದ್ದರೆ ಆಸಿಡ್ ಟ್ರೀಟ್‌ಮೆಂಟ್ ಬೇಕಾಗುತ್ತದೆ, ಆಗ ಕೈಗವಸು, ಕನ್ನಡಕ ಹಾಕಿಕೊಂಡು ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಹೊಸ ಗೊಬ್ಬರ ಬಂದಾಗ ಅಂಗಡಿಯವರ ಮಾತು ಏನೇ ಇರಲಿ, ಅದನ್ನೂ ಅದರ ಜೊತೆ ಹಾಕಬೇಕೆಂದಿರುವ ಗೊಬ್ಬರವನ್ನೂ ನಿಮ್ಮದೇ ಬೋರಿನ ನೀರಿನಲ್ಲಿ ಒಂದು ಲೋಟ ಕಲಸಿ ಅರ್ಧ ಗಂಟೆ ಬಿಟ್ಟು ನೋಡಿ. ಮಬ್ಬಾದರೆ ಆ ಜೋಡಿ ಟ್ಯಾಂಕಿಗೆ ಬೇಡ.