ಮನೆಯಿಂದ ಕೆಲಸ: ಆನ್‌ಲೈನ್ ಮೀಟಿಂಗ್‌ನಲ್ಲಿ ನಾವಿರುವುದು ಉಳಿದವರಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಊರಿನಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದೇನೆ. ಕೊಟ್ಟ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮುಗಿಸಿದರೂ, ಮೀಟಿಂಗ್‌ಗಳಲ್ಲಿ ನಾನಿರುವುದೇ ಗೊತ್ತಾಗುವುದಿಲ್ಲ ಎಂದು ಮ್ಯಾನೇಜರ್ ಹೇಳುತ್ತಾರೆ. ಮಾತನಾಡಬೇಕು ಎನ್ನುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಇಡೀ ಹೊತ್ತು ಕ್ಯಾಮೆರಾ ಹಾಕಿಕೊಂಡು ಕೂರುವುದೊಂದೇ ದಾರಿಯೇ?

ಉತ್ತರ: ಅಲ್ಲ. ಮಾತನಾಡಬೇಕು ಎನ್ನುವಷ್ಟರಲ್ಲಿ ವಿಷಯ ದಾಟಿಹೋಗುತ್ತದೆ ಎಂದು ಬರೆದಿದ್ದೀರಲ್ಲ, ತೊಂದರೆಯ ಮೂಲ ಅಲ್ಲಿಯೇ ಇದೆ, ಮತ್ತು ಅದು ನಿಮ್ಮ ಸಂಕೋಚದಿಂದ ಮಾತ್ರ ಹುಟ್ಟಿದ್ದಲ್ಲ.

ಎದುರೆದುರು ಕುಳಿತು ಮಾತನಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನಷ್ಟು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ ಎಂಬುದನ್ನು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂಟರ್ನೆಟ್ ಮೂಲಕ ಸಾಗುವ ಧ್ವನಿಗೆ ಹೋಗಲು 150, ಬರಲು 150 ಮಿಲಿಸೆಕೆಂಡ್ ಹಿಡಿದರೂ ಅದನ್ನು ಒಳ್ಳೆಯ ಸಂಪರ್ಕವೆಂದೇ ಪರಿಗಣಿಸಲಾಗುತ್ತದೆ. ಆದರೆ ಅವೆರಡನ್ನು ಕೂಡಿಸಿದಾಗ ಆ ಸಹಜ ಬಿಡುವಿಗಿಂತ ಹೆಚ್ಚಾಗುತ್ತದೆ. ಇದರ ಮೇಲೆ ಮ್ಯೂಟ್ ತೆಗೆಯುವ ಹೊತ್ತೂ ಸೇರಿಕೊಂಡರೆ, ಆಫೀಸಿನ ಒಂದೇ ಕೋಣೆಯಲ್ಲಿ ಕುಳಿತಿರುವ ನಾಲ್ವರು ಅಷ್ಟರಲ್ಲಿ ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಾರೆ. ನಿಮ್ಮ ಮ್ಯಾನೇಜರ್ ಮಾತಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ: ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಧ್ವನಿ ತಡವಾಗಿ ತಲುಪಿದಾಗ ಜನರು ಅದನ್ನು ಲೈನಿನ ದೋಷವೆಂದು ತಿಳಿಯದೆ, ಆ ತುದಿಯಲ್ಲಿರುವವರಿಗೇ ಗಮನ ಕಡಿಮೆ ಎಂದು ಭಾವಿಸಿದ್ದು ಕಂಡುಬಂದಿತ್ತು.

ಆದ್ದರಿಂದ ಬಿಡುವಿಗಾಗಿ ಕಾಯಬೇಡಿ. ಮಾತನಾಡುತ್ತಿರುವವರ ಮಾತು ಮುಗಿಯುವ ಮೊದಲೇ ಕೈ ಎತ್ತುವ ಗುರುತನ್ನು ಒತ್ತಿ. ವಿಂಡೋಸ್ ಕಂಪ್ಯೂಟರಿನಲ್ಲಿ ಝೂಮ್‌ಗೆ ಆಲ್ಟ್ ಮತ್ತು ವೈ, ಟೀಮ್ಸ್‌ಗೆ ಕಂಟ್ರೋಲ್, ಶಿಫ್ಟ್ ಮತ್ತು ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಝೂಮ್‌ನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮೈಕ್ ತೆರೆದಿರುತ್ತದೆ, ಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. ಮ್ಯೂಟ್ ತೆಗೆದ ಕೂಡಲೇ ಆಡುವ ಮೊದಲ ಒಂದೆರಡು ಅಕ್ಷರಗಳು ಕೆಲವೊಮ್ಮೆ ಕಡಿದುಹೋಗುವುದರಿಂದ, ಮುಖ್ಯವಾದದ್ದನ್ನು ಮೊದಲೇ ಹೇಳದೆ, "ಒಂದು ನಿಮಿಷ, ಇದಕ್ಕೆ ನನ್ನದೂ ಒಂದು ಮಾತಿದೆ" ಎಂಬಂತಹ ಸಾಲಿನಿಂದ ಶುರುಮಾಡುವುದು ಒಳ್ಳೆಯದು. ಮೊದಲ ಹತ್ತು ನಿಮಿಷಗಳೊಳಗೆ ಏನಾದರೊಂದು ಪ್ರಶ್ನೆಯನ್ನು ಕೇಳಿಬಿಟ್ಟರೆ ನಿಮ್ಮ ಧ್ವನಿ ಎಲ್ಲರ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಅವರೇ ನಿಮ್ಮ ಹೆಸರು ಹಿಡಿದು ಕೇಳತೊಡಗುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಟಿಪ್ಪಣಿ ಬರೆಯುವ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾರದ ಮೀಟಿಂಗ್‌ಗೆ ನಾನೇ ಬರೆದುಕೊಳ್ಳುತ್ತೇನೆಂದು ಮುಂಚಿತವಾಗಿ ಹೇಳಿ, ಸ್ಕ್ರೀನ್ ಶೇರ್ ಮಾಡಿ, ತೀರ್ಮಾನವಾದದ್ದನ್ನು ಅಲ್ಲೇ ಟೈಪ್ ಮಾಡುತ್ತ ಹೋಗಿ: ಯಾವ ಕೆಲಸ, ಯಾರದು, ಯಾವ ತಾರೀಖಿಗೆ. ತಾರೀಖಿನ ಜಾಗ ಖಾಲಿಯಿದ್ದರೆ "ಇದನ್ನು ಯಾವಾಗಕ್ಕೆ ಎಂದು ಬರೆಯಲಿ?" ಎಂದು ನೀವು ಕೇಳಲೇಬೇಕಾಗುತ್ತದೆ, ಅವರು ಉತ್ತರಿಸಲೇಬೇಕಾಗುತ್ತದೆ. ಮಾತಿಗೆ ನುಗ್ಗುವ ಸಂಕೋಚವಿರುವವರಿಗೆ ಇಷ್ಟು ಸಹಜವಾದ ಪ್ರವೇಶ ಬೇರೆ ಸಿಗುವುದಿಲ್ಲ. ನೀವು ಕಂಪ್ಯೂಟರಿನ ಮುಂದಿದ್ದೀರಿ ಎಂದು ತೋರಿಸುವ, ಹೆಸರಿನ ಪಕ್ಕದ ಹಸಿರು ಚುಕ್ಕೆಯನ್ನು ಉಳಿಸಿಕೊಳ್ಳಲು ಮೌಸನ್ನು ತಾನಾಗಿ ಅಲುಗಾಡಿಸುವ ಸಾಧನಗಳ ತಂಟೆಗೆ ಮಾತ್ರ ಹೋಗಬೇಡಿ. ಕೀಬೋರ್ಡ್ ಬಳಸುತ್ತಿರುವಂತೆ ತೋರಿಸಿಕೊಂಡರೆಂಬ ಕಾರಣಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದಿತ್ತು.

ಇನ್ನು ಕ್ಯಾಮೆರಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ಅವರು 2021ರ ತಮ್ಮ ಲೇಖನದಲ್ಲಿ, ವಿಡಿಯೊ ಮೀಟಿಂಗ್‌ಗಳು ದಣಿಸುವುದಕ್ಕೆ ಕೊಟ್ಟ ಕಾರಣಗಳಲ್ಲಿ ದಿನವಿಡೀ ತನ್ನ ಮುಖವನ್ನೇ ತಾನು ನೋಡುತ್ತಿರಬೇಕಾಗುವುದೂ ಒಂದು. ನಿಮ್ಮ ಚಿತ್ರ ಇತರರಿಗೆ ಕಾಣುತ್ತಿದ್ದು ನಿಮಗೆ ಮಾತ್ರ ಕಾಣದಂತೆ ಮಾಡುವ ಆಯ್ಕೆ ಝೂಮ್‌ನಲ್ಲಿದೆ, ಅದನ್ನು ಬಳಸಿ. ಆರಂಭದಲ್ಲಿ ಮತ್ತು ನೀವು ಮಾತನಾಡುವಾಗ ಮುಖ ಕಂಡರೆ ಬಹುತೇಕ ಕಡೆ ಸಾಕಾಗುತ್ತದೆ; ಆದರೆ ಹೀಗೆ ಮಾಡುತ್ತೇನೆಂದು ಮ್ಯಾನೇಜರ್‌ಗೆ ಮೊದಲೇ ತಿಳಿಸಿಬಿಡಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಳಗೆ ಕತ್ತಲು, ಬಾಗಿಲಲ್ಲಿ ಮಾತ್ರ ಬೆಳಕು. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಕ್ಯಾಮೆರಾದಲ್ಲಿ ಮುಖದ ಬದಲು ಕಪ್ಪು ನೆರಳಷ್ಟೇ ಮೂಡುತ್ತದೆ. ಕಿಟಕಿಗೆ ಎದುರಾಗಿ ಕುಳಿತು, ಲ್ಯಾಪ್‌ಟಾಪಿನ ಕೆಳಗೆ ಮೂರ್ನಾಲ್ಕು ದಪ್ಪ ಪುಸ್ತಕಗಳನ್ನಿಟ್ಟು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಿ.

ಮಳೆಗಾಲದಲ್ಲಿ ನೆಟ್‌ವರ್ಕ್ ಕುಗ್ಗಿದಾಗ ಸಂಕೋಚವಿಲ್ಲದೆ ವಿಡಿಯೊ ನಿಲ್ಲಿಸಿ, ಏಕೆಂದರೆ ವಿಡಿಯೊ ಬೇಡುವ ವೇಗದ ಸಣ್ಣದೊಂದು ಪಾಲು ಧ್ವನಿಗೆ ಸಾಕು, ಮತ್ತು ಮೀಟಿಂಗ್‌ನಲ್ಲಿ ಉಳಿಸಿಕೊಳ್ಳಬೇಕಾದದ್ದು ಧ್ವನಿಯನ್ನೇ. ಕರೆಂಟ್ ಹೋದರೂ ನಡೆಯುವಂತೆ ರೂಟರ್‌ಗೆ ಸಣ್ಣದೊಂದು ಯುಪಿಎಸ್ ಹಾಕಿಸಿ. ಅದೂ ಕೈಕೊಟ್ಟ ದಿನ "ಇಲ್ಲಿ ಲೈನ್ ಹೋಗಿದೆ, ಮೂರನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇದು" ಎಂದು ಫೋನಿನಿಂದಲೇ ಗ್ರೂಪಿಗೆ ಬರೆದು ಕಳಿಸಿ, ಮೀಟಿಂಗ್ ಮುಗಿಯುವುದರೊಳಗೆ.